ಏಕಸಂಬಿಯ ಸಮಾಧಾನ ಮತ್ತು ಟಾಪಿಲ್ಲದ ಕ್ರೋನರ್

ಏಕಸಂಬಿಯಲ್ಲಿ ನನ್ನದು ಕುಶನ್ ಅಂಗಡಿ. ಟ್ರ್ಯಾಕ್ಟರಿನ ಸೀಟು, ಜೀಪಿನ ಹುಡ್, ಟೆಂಪೋದ ಗಾದಿ, ಏನು ಹರಿದರೂ ಈ ಮುನಾಫನ ಹತ್ತಿರವೇ ಬರಬೇಕು. ಅಂಗಡಿಯ ಮುಂದೆ ಒಂದು ಬೇವಿನ ಗಿಡ, ಅದರ ಕೆಳಗೆ ಒಂದು ಕಬ್ಬಿಣದ ಕುರ್ಚಿ. ಆ ಕುರ್ಚಿಯಲ್ಲಿ ಕೂರುವವನ ಹೆಸರು ಸಮಾಧಾನ. ಹಳೇ ಗಾಡಿ ಕೊಡಿಸುವ, ಮಾರಿಸುವ ಏಜೆಂಟ. ಅವನ ಸ್ವಂತದ್ದು ಅಂತ ಇರುವುದು ಒಂದು ಸೈಕಲ್ಲು, ಅದಕ್ಕೂ ಒಂದು ಪೆಡಲ್ ಇಲ್ಲ. ಆದರೂ ನಿಪ್ಪಾಣಿಯಿಂದ ಕಾಗವಾಡದವರೆಗೆ ಗಾಡಿ ಕೊಳ್ಳುವವರು ಮೊದಲು ಇವನನ್ನು ಕೇಳಿ ಆಮೇಲೆ ಹೆಂಡತಿಯನ್ನು ಕೇಳುತ್ತಿದ್ದರು.

ಅವನು ಬಾನೆಟ್ ತೆಗೆಯುತ್ತಿರಲಿಲ್ಲ, ಟೈರಿಗೆ ಒದೆಯುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ತಂಬಾಕಿಗೆ ಸುಣ್ಣ ತಿಕ್ಕಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, “ದೂಧಗಂಗಾ ಪೂಲಿನತನಕ ಹೋಗಿ ಬರೂಣ ನಡೀರಿ” ಎನ್ನುತ್ತಿದ್ದ. ಹೊಳೆಯ ಸೇತುವೆ ಮುಟ್ಟಿ ಬರುವವರೆಗೆ ತುಟಿ ಪಿಟ್ಟೆನ್ನುತ್ತಿರಲಿಲ್ಲ. ಇಳಿದ ಮೇಲೆ ‘ತಗೋ’ ಅನ್ನಬೇಕು, ಇಲ್ಲವೇ ‘ಬ್ಯಾಡ’ ಅನ್ನಬೇಕು. ಯಾಕೆ ಅಂತ ಯಾರಾದರೂ ಕೇಳಿದರೆ ತಂಬಾಕು ಉಗುಳುವ ನೆಪದಲ್ಲಿ ಆಚೆ ಹೋಗುತ್ತಿದ್ದ. ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕಾರಣ ಹೇಳಿದರೆ ಇವನ ಗಂಟೇನು ಹೋಗುತ್ತದೆ? ಆದರೆ ಅವನ ಮಾತು ಸುಳ್ಳಾದದ್ದನ್ನು ನಾನು ನೋಡಿರಲಿಲ್ಲ. ಅದನ್ನೂ ಹೇಳಬೇಕಲ್ಲ.

ಹುಡುಗನಿದ್ದಾಗ ಅವನು ಕೊಲ್ಹಾಪುರದ ಒಂದು ಗ್ಯಾರೇಜಿನಲ್ಲಿ ಗಾಡಿ ತೊಳೆಯುತ್ತಿದ್ದ. ಅಲ್ಲಿಗೆ ಯಾವುದೋ ಇನಾಮದಾರರ ಹಳೇ ಕ್ರೋನರ್ ಬರುತ್ತಿತ್ತು. ಕ್ರೋನರ್ ಎಂದರೆ ಪರದೇಶದ ಕಂಪನಿ. ಆ ಕಾಲಕ್ಕೆ ಅದರ ಹೆಸರು ಹೇಳುವಾಗ ಜನ ದನಿ ತಗ್ಗಿಸುತ್ತಿದ್ದರಂತೆ. ಆ ಗಾಡಿಗೆ ಮೇಲೆ ಟಾಪಿಲ್ಲ, ಬೇಕೆಂದಾಗ ಎಳೆದು ಮುಚ್ಚಿಕೊಳ್ಳುವ ಬಟ್ಟೆಯ ಹೊದಿಕೆ. ಒಂದು ದಿನ ಇನಾಮದಾರರು ಇವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಪನ್ಹಾಳಾ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿದರು. “ಮ್ಯಾಲ ಆಕಾಶ, ಕೆಳಗ ಗಾದಿ, ನಡುವ ನಾನು” ಎಂದು ಅದನ್ನು ಅವನು ನನಗೆ ಹೇಳದ ವರ್ಷವಿಲ್ಲ. ಗಾಡಿ ನಡೆಸಲು ಅವನು ಕಲಿಯಲೇ ಇಲ್ಲ. ಹಿಂದೆ ಕೂತು ಕಣ್ಣು ಮುಚ್ಚುವುದನ್ನು ಮಾತ್ರ ಅವತ್ತು ಕಲಿತು ಬಂದ.

ಇಂಥವನ ಕುರ್ಚಿಯ ಮುಂದೆ ಶಿರಗುಪ್ಪಿಯ ಶಿವರಾಜ ಸಾವಕಾರರು ಬಂದು ನಿಂತದ್ದು ಕ್ರೋನರ್ ವಿಷಯಕ್ಕೆ. ಕಬ್ಬು, ದ್ರಾಕ್ಷಿ ಎರಡೂ ಇರುವ ಮನೆ. ಮಗಳು ಶೀತಲಳ ಮದುವೆ ಗೊತ್ತಾಗಿತ್ತು. ಮದುಮಕ್ಕಳ ಮೆರವಣಿಗೆಗೆ ಬಾಡಿಗೆ ಗಾಡಿ ಬೇಡ, ಮನೆಯದೇ ತೆರೆದ ಗಾಡಿ ಆಗಬೇಕು ಎಂದು ಅವರಿಗೆ ಹುಕಿ ಬಂದಿತ್ತು. ಪುಣೆಯಲ್ಲಿ ಒಂದು ಕ್ರೋನರ್ ಮಾರಾಟಕ್ಕಿತ್ತು. ಬೆಳ್ಳಗಿನ ಗಾಡಿ, ಒಳಗೂ ಬೆಳ್ಳಗಿನ ಚರ್ಮದ ಸೀಟು. ಗುಂಡಿ ಒತ್ತಿದರೆ ಟಾಪು ಮಡಚಿಕೊಂಡು ಸೀಟಿನ ಹಿಂದಿನ ಗೂಡಿನೊಳಗೆ ಹೋಗಿ ಮಲಗುತ್ತದೆ.

ಗಾಡಿಯನ್ನು ನೋಡಲಿಕ್ಕೆಂದು ಏಕಸಂಬಿಗೆ ತರಿಸಿದ ದಿನ ನನ್ನ ಅಂಗಡಿಯ ಮುಂದೆ ಜಾತ್ರೆ ಕೂಡಿದ ಹಾಗಾಯಿತು. ನೋಡಲು ಪುಕ್ಕಟೆ, ಅಭಿಪ್ರಾಯವೂ ಪುಕ್ಕಟೆ.

“ಆ ಕಂಪನಿ ಈಗ ಮೊದಲಿನವರ ಕೈಯಾಗಿಲ್ಲ. ಮಾರಿಕೊಂಡಾರ. ಬರೇ ಹೆಸರ ಉಳದೈತಿ” ಎಂದ ಚಹಾದಂಗಡಿಯ ಉತ್ತಮ. ಅವನು ದಿನವಿಡೀ ಫೋನಿನಲ್ಲಿ ಮರಾಠಿ ಗಾಡಿ ವಿಡಿಯೋ ನೋಡುವವನು.

“ಮೊದಲ ಲೋಖಂಡ ಹಾಕ್ತಿದ್ರು, ಈಗ ಪ್ಲಾಸ್ಟಿಕ್. ಗಾಡಿ ಅಲ್ಲೋ ಅದು, ಗಾಲಿ ಹಚ್ಚಿದ ಮೊಬೈಲ್” ಎಂದ ಮೆಕ್ಯಾನಿಕ್ ಮೈಬೂಬ. ಅವನ ಕೈಗೆ ಕ್ರೋನರಿನ ಒಂದು ನಟ್ಟೂ ಯಾವತ್ತೂ ಸಿಕ್ಕಿರಲಿಲ್ಲ.

“ಈ ಬಿಸಲಾಗ ತಲಿ ಬೇಯಿಸ್ಕೊಳ್ಳಾಕ ಇಷ್ಟ್ ರೊಕ್ಕ ಯಾಕರಿ ಸಾವಕಾರ್ರ? ನನ್ನ ಟ್ರ್ಯಾಕ್ಟರಿಗೂ ಛಪ್ಪರ ಇಲ್ಲ” ಎಂದು ಇನ್ನೊಬ್ಬ ಹಿಂದಿನಿಂದ ಕೂಗಿದ.

ಶಿವರಾಜರ ಮುಖ ಸಣ್ಣದಾಯಿತು. ಸಮಾಧಾನ ಮಾತ್ರ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಹಿಂದಿನ ಸೀಟಿಗೆ ಹತ್ತಿದ. ಪೂಲಿನವರೆಗೆ ಹೋಗಿ ಬಂದರು. ಇಳಿಯುವಾಗ ಅವನ ಕಣ್ಣು ಒದ್ದೆಯಾಗಿತ್ತು. ಗಾಳಿಗೆ ಇರಬಹುದು, ಇನಾಮದಾರರ ನೆನಪಿಗೂ ಇರಬಹುದು, ನಾನು ಕೇಳಲಿಲ್ಲ. “ತಗೋ” ಎಂದ.

ಸಾವಕಾರರು ತೆಗೆದುಕೊಂಡರು.

ನಮ್ಮ ಕಡೆ ಗಾಡಿ ಬಂತೆಂದರೆ ಮೊದಲು ಚಿಂಚಲಿಗೆ ಹೋಗಬೇಕು. ಮಾಯಕ್ಕನ ಮುಂದೆ ನಿಲ್ಲಿಸಿ, ಕಾಯಿ ಒಡೆದು, ಭಂಡಾರ ತೂರಬೇಕು. ಭಂಡಾರ ಎಂದರೆ ಆ ತಾಯಿಯ ಅರಿಷಿಣ ಪುಡಿ. ಮುಷ್ಟಿ ಮುಷ್ಟಿ ತೂರುತ್ತಾರೆ. ಬೇರೆ ಗಾಡಿಗೆ ಅದರಿಂದ ಏನೂ ತೊಂದರೆಯಿಲ್ಲ, ಮನೆಗೆ ಬಂದು ಒಂದು ಬಕೆಟ್ ನೀರು ಹೊಡೆದರೆ ಮುಗಿಯಿತು. ಈ ಗಾಡಿಯ ಟಾಪು ತೆರೆಯುತ್ತದಲ್ಲ. “ತಾಯಿ ಮುಂದ ಮುಚ್ಚಿಗೊಂಡ ನಿಂದರಬಾರದು” ಎಂದು ಶಿವರಾಜರ ತಾಯಿ ಸೋನಾಬಾಯಿ ಟಾಪು ತೆಗೆಸಿದರು. ಸೀಟಿನ ಮೇಲೆ ನಿಂತು, ಮೊಮ್ಮಗಳ ಹೆಸರು ಹೇಳಿ, ತಂದಿದ್ದ ಚೀಲವೆಲ್ಲ ತೂರಿದರು. ಮುಂದೆ, ಹಿಂದೆ, ಟಾಪು ಮಲಗಿದ್ದ ಗೂಡಿನೊಳಗೆ. ಮೇಲೆ ಎಳನೀರನ್ನೂ ಹೊಯ್ದರು. ಡ್ರೈವರ್ ಭರಮು ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡನಂತೆ. ಊರೆಲ್ಲ ಆಯಿ ಎಂದು ಕರೆಯುವ ಅವರಿಗೆ ಎದುರಾಡುವ ಗಂಡಸು ಶಿರಗುಪ್ಪಿಯಲ್ಲಿ ಹುಟ್ಟಿಲ್ಲ.

ಮರುದಿನ ಗಾಡಿ ನನ್ನ ಅಂಗಡಿಗೆ ಬಂತು. ಬಿಳಿ ಸೀಟೆಲ್ಲ ಹಳದಿ. ಚರ್ಮಕ್ಕೆ ಹತ್ತಿದ ಅರಿಷಿಣ ತೆಗೆಯುವುದೆಂದರೆ ಹುಡುಗಾಟವೇ? ತಿಕ್ಕಿ ತಿಕ್ಕಿ ನನ್ನ ಭುಜ ಬಿತ್ತು. ಕಡೆಗೆ ಸೋನಾಬಾಯಿಯೇ ಉಪಾಯ ಹೇಳಿದರು: “ಕೆಂಪ ರೆಕ್ಸಿನ್ ಕವರ್ ಹಾಕಿ ಬಿಡೋ ಮುನಾಫ, ಚಂದ ಕಾಣತೈತಿ.” ಅಷ್ಟು ದೊಡ್ಡ ಕಂಪನಿಯ ಸೀಟಿಗೆ ನಾನು ಕೆಂಪು ರೆಕ್ಸಿನ್ ಹೊಲಿದೆ. ಗೂಡಿನೊಳಗೆ ಯಾರೂ ಇಣುಕಲಿಲ್ಲ. ಟಾಪನ್ನೂ ಯಾರೂ ಮುಚ್ಚಲಿಲ್ಲ. ನೋಡಲು ಬಂದವರಿಗೆಲ್ಲ ಅದು ತೆರೆದೇ ಕಾಣಬೇಕಲ್ಲ! ಮದುವೆಯವರೆಗೆ ಶೆಡ್ಡಿನಲ್ಲಿ ಹಾಗೇ ತೆರೆದು ನಿಂತಿತ್ತು. ಮುಂದಿನ ಗಾಜಿನ ಮೇಲೆ ‘ಮಾಯಕ್ಕಾದೇವಿ ಪ್ರಸನ್ನ’ ಎಂದು ದಪ್ಪಗೆ ಬರೆಸಿದ್ದರು.

ಮದುವೆಗೆ ನಾನೂ ಸಮಾಧಾನನೂ ಹೋಗಿದ್ದೆವು. ಮಧ್ಯಾಹ್ನ ಅಕ್ಕಿಕಾಳು ಬಿದ್ದು, ಊಟ ಮುಗಿದು, ಮದುಮಕ್ಕಳನ್ನು ಕ್ರೋನರಿನಲ್ಲಿ ಕೂರಿಸಿ ಊರ ತುಂಬ ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಜೋ, ಹಿಂದೆ ಪಟಾಕಿ. ಮೆರವಣಿಗೆ ಮುಗಿಸಿ ಹಾಗೇ ಹುಡುಗಿಯನ್ನು ಅಥಣಿ ಕಡೆಗೆ, ಗಂಡನ ಮನೆಗೆ, ಕಳಿಸುವುದು. ಸಮಾಧಾನ ಗಾಡಿಯ ಪಕ್ಕಕ್ಕೇ ನಡೆಯುತ್ತಿದ್ದ, ಮಗಳನ್ನು ಕೊಟ್ಟವನು ಇವನೇ ಏನೋ ಎಂಬಂತೆ.

ಅರ್ಧ ಊರು ದಾಟಿರಲಿಲ್ಲ, ಅಡ್ಡಮಳೆ ಬಂತು. ಮೇ ತಿಂಗಳ ಮಳೆ, ಹೇಳಿ ಕೇಳಿ ಬರುತ್ತದೆಯೇ?

“ಟಾಪ್ ಹಾಕಲೇ ಭರಮು!” ಎಂದು ಶಿವರಾಜರು ಕೂಗಿದರು. ಭರಮು ಗುಂಡಿ ಒತ್ತಿದ. ಟಾಪು ಗೂಡಿನಿಂದ ಅರ್ಧ ಎದ್ದು, ಕಿರ್ ಎಂದು ನಿಂತುಬಿಟ್ಟಿತು. ಒತ್ತಿದ, ಒತ್ತಿದ, ಏನೂ ಇಲ್ಲ. ಅದರ ಮಡಿಕೆಯಲ್ಲಿ ನಿಂತ ನೀರು ಬಾನಿ ಬೋರಲು ಹಾಕಿದಂತೆ ಶೀತಲಳ ತಲೆಯ ಮೇಲೆ ಸುರಿಯಿತು. ಬ್ಯಾಂಜೋ ನಿಂತಿತು. ಜನ ನಕ್ಕರು, ಫೋನ್ ಎತ್ತಿ ಹಿಡಿದರು. ಯಾರೋ ಕಬ್ಬಿನ ಟ್ರೇಲರಿನ ತಾಡಪತ್ರಿ ತಂದು ಮದುಮಕ್ಕಳ ಮೇಲೆ ಹಿಡಿದು, ಗಾಡಿಯನ್ನು ನಿಧಾನವಾಗಿ ಸಾವಕಾರರ ಶೆಡ್ಡಿಗೆ ತಂದರು.

ನಗುವವರು ನಕ್ಕು ಹೋಗುತ್ತಿದ್ದರು, ಅದು ದೊಡ್ಡದಲ್ಲ. ಗಂಡಿನ ಸೋದರತ್ತೆ ಸಾವಕ್ಕ ನಗಲಿಲ್ಲ. ಅವರ ಮನೆಯಲ್ಲಿ ಆಕೆಯ ಮಾತೇ ಕಡೆಯ ಮಾತು. ಗಾಜಿನ ಮೇಲಿನ ಬರಹವನ್ನು ನೋಡಿ ಆಕೆ ಹೇಳಿದಳು: “ತಾಯಿ ಹೆಸರಿನ ಗಾಡಿ ಐತಿ. ತಾಯೀನ ಅಡ್ಡ ಹಾಕ್ಯಾಳ. ಹುಡಿಗಿ ಕಡಿಂದ ಏನ ತಪ್ಪ್ಯಾತು ಅಂತ ದೇವರ ಕಡೆ ಕೇಳಿಸದ ಹೊಸ್ತಲಾ ದಾಟಸಾಂಗಿಲ್ಲ.”

ಒದ್ದೆ ಸೀರೆಯಲ್ಲಿ ಶೀತಲ ಗಡಗಡ ನಡುಗುತ್ತಿದ್ದಳು. ಅಂಥ ಮಾತು ಒಮ್ಮೆ ಹುಡುಗಿಗೆ ಅಂಟಿತೆಂದರೆ ಮುಗಿಯಿತು. ಆಕಳು ಸತ್ತರೂ ಅವಳೇ ಕಾರಣ, ದ್ರಾಕ್ಷಿಗೆ ರೋಗ ಬಿದ್ದರೂ ಅವಳೇ ಕಾರಣ. ಸೋನಾಬಾಯಿ ಮೊಮ್ಮಗಳ ಕೈ ಹಿಡಿದು ಕೂತಿದ್ದರು.

“ಏ ಸಮಾಧಾನ, ಏನಾಗೇತಿ ನೋಡೋ!” ಎಂದು ಶಿವರಾಜರು ಗುಡುಗಿದರು.

ನಾನೂ ಅವನೂ ಹಿಂದಕ್ಕೆ ಹೋದೆವು. ಗೂಡಿನ ಅಂಚಿನ ಬಟ್ಟೆಯನ್ನು ನಾನು ಬಿಚ್ಚಿದೆ. ಅವನು ಒಳಗೆ ಬೆರಳು ಹಾಕಿದ. ಟಾಪು ಜಾರುವ ಹಳಿಯ ತುಂಬ ಭಂಡಾರ. ಈಗಿನ ಭಂಡಾರದಲ್ಲಿ ಅರಿಷಿಣಕ್ಕಿಂತ ಹಿಟ್ಟೇ ಹೆಚ್ಚು. ಎಳನೀರು ಕುಡಿದು, ಬಿಸಿಲಿಗೆ ಒಣಗಿ, ಪೋಸ್ಟರ್ ಹಚ್ಚುವ ಅಂಟಿನ ಹಾಗೆ ಬಿಗಿದು ಕೂತಿತ್ತು. ಕಂಪನಿಯದು ಒಂದು ಕೂದಲಷ್ಟೂ ತಪ್ಪಿರಲಿಲ್ಲ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹೇಳಿದರೆ ಅವನ ಮಾತು ಉಳಿಯುತ್ತದೆ. ಆದರೆ ಮಾಯಕ್ಕನ ಭಂಡಾರವೇ ಮದುಮಗಳ ಮೇಲೆ ನೀರು ಸುರಿಯಿತು ಎಂದಾಗುತ್ತದೆ. ತೂರಿದ್ದು ಅಜ್ಜಿ, ತೂರಿದ್ದು ಹುಡುಗಿಯ ಹೆಸರಿನಲ್ಲಿ. ಸಾವಕ್ಕನಿಗೆ ಇನ್ನೇನು ಬೇಕು?

ಸಮಾಧಾನ ಹಳದಿ ಬೆರಳನ್ನು ತನ್ನ ಟೊಪ್ಪಿಗೆಯ ಒಳಮಗ್ಗುಲಿಗೆ ಒರೆಸಿಕೊಂಡ. ಟೊಪ್ಪಿಗೆ ತಲೆಗೆ ಹಾಕಿಕೊಂಡು ಈಚೆ ಬಂದ.

“ಕಂಪನೀನ ಕೆಟ್ಟೈತ್ರಿ” ಎಂದ. “ಜನಾ ಹೇಳಿದ್ದ ಖರೆ. ಈಗ ಅವರು ಬರೋಬ್ಬರಿ ಮಾಲ ಹಾಕಾಂಗಿಲ್ಲ. ದೇವರದ್ದ ಏನೂ ಇಲ್ಲ, ಹುಡಿಗೀದೂ ಏನೂ ಇಲ್ಲ. ನಾ ಹೇಳಿದ್ದ ತಪ್ಪ್ಯಾತು.”

ಅಷ್ಟು ಮಾತು ಅವನ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಶಿವರಾಜರು ಎಲ್ಲರ ಎದುರಿಗೆ ಅವನನ್ನು ಹರಿದು ತಿಂದರು. “ನಿನ್ನ ಮಾತ ಕೇಳಿ ನನ್ನ ಮಾನಾ ಹೋತಲ್ಲೋ! ನೀ ಎಂಥಾ ಏಜೆಂಟಲೇ?” ಎಂದರು. ಇನ್ನೂ ಏನೇನೋ ಅಂದರು, ಅದನ್ನೆಲ್ಲ ಬರೆಯುವುದಿಲ್ಲ. ಅವನು ತಲೆ ತಗ್ಗಿಸಿ ನಿಂತಿದ್ದ. ಸಾವಕ್ಕ ಒಂದು ಉಸಿರು ಬಿಟ್ಟು, “ಮಷೀನ್ ಅಂದ ಮ್ಯಾಲ ಕೆಡತೈತಿ ಬಿಡ್ರಿ. ಹುಡಿಗಿಗೆ ಒಣಾ ಸೀರಿ ಉಡಸ್ರಿ, ನೆಗಡಿ ಆದೀತು” ಎಂದಳು. ಶೀತಲ ಬೇರೆ ಜೀಪಿನಲ್ಲಿ ಗಂಡನ ಮನೆಗೆ ಹೋದಳು.

ಆಮೇಲೆ ನಮ್ಮ ಕಡೆ ಕ್ರೋನರಿನ ಹೆಸರು ಮಣ್ಣುಪಾಲಾಯಿತು. ಉತ್ತಮ, ಮೈಬೂಬ ಇಬ್ಬರೂ ಮಹಾಜ್ಞಾನಿಗಳಾದರು. ಕ್ರೋನರ್ ಕಂಪನಿಗೆ ಏಕಸಂಬಿ ಎಲ್ಲಿದೆಯೆಂದೂ ಗೊತ್ತಿರಲಿಕ್ಕಿಲ್ಲ, ಅದಕ್ಕೇನೂ ಆಗಲಿಲ್ಲ. ಆದದ್ದು ಸಮಾಧಾನನಿಗೆ. ಗಾಡಿಗಳು ಅವನ ಕುರ್ಚಿಯ ಮುಂದೆ ನಿಲ್ಲದೆ ಸೀದಾ ಹೋಗತೊಡಗಿದವು. ಅವನು ದಿನಾ ಬರುತ್ತಿದ್ದ, ತಂಬಾಕು ತಿಕ್ಕುತ್ತಿದ್ದ, ಸಂಜೆ ಎದ್ದು ಹೋಗುತ್ತಿದ್ದ.

ನನಗೆ ತಡೆಯಲಾಗಲಿಲ್ಲ. “ಹುಚ್ಚ ಅದಿ ಏನಲೇ? ನಾ ಹೇಳತೀನಿ ಎಲ್ಲಾರಿಗೂ” ಎಂದೆ.

“ಹೇಳಬ್ಯಾಡ” ಎಂದ. “ಕಂಪನಿ ಪರದೇಶದಾಗೈತಿ. ಹುಡಿಗಿ ಇಲ್ಲೇ ಬಾಳೇ ಮಾಡಬೇಕು.”

“ಮತ್ತ ನಿನ್ನ ಹೆಸರ?”

ಅವನು ತಂಬಾಕು ಉಗುಳಲು ಎದ್ದು ಹೋದ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಕೈಯಲ್ಲಿದ್ದ ಸೀಟಿಗೆ ಸೂಜಿ ಚುಚ್ಚಿ ಒಳಗೆ ಹೋದೆ.

ಕಬ್ಬಿನ ಹಂಗಾಮು ಬಂತು. ಶೀತಲ ಬಸುರಿ, ಸಾವಕ್ಕನೇ ಮುಂದೆ ನಿಂತು ಸೀಮಂತದ ಕುಬಸ ಮಾಡಿ, ಸೊಸೆಯನ್ನು ಹೊಗಳಿ ಹೊಗಳಿ ದಣಿದಳು ಎಂಬ ಸುದ್ದಿಯೂ ಬಂತು. ಅದಾದ ಎಂಟು ದಿನಕ್ಕೆ ಬೇವಿನ ಗಿಡದ ಕೆಳಗೆ ಕ್ರೋನರ್ ಬಂದು ನಿಂತಿತು. ಭರಮು ನಡೆಸುತ್ತಿದ್ದ. ಹಿಂದೆ ಕೆಂಪು ರೆಕ್ಸಿನ್ ಮೇಲೆ ಸೋನಾಬಾಯಿ ಒಬ್ಬರೇ. ಚಹಾದಂಗಡಿಯವರೆಲ್ಲ ಎದ್ದು ನಿಂತರು. ಸಮಾಧಾನನೂ ಎದ್ದ.

“ಶಿವರಾಜ ಈ ಗಾಡಿ ಮಾರತೀನಿ ಅಂತಾನ” ಎಂದರು ಆಯಿ, ಎಲ್ಲರಿಗೂ ಕೇಳುವಂತೆ. “ಮಾರಬೇಕೋ, ಬ್ಯಾಡೋ? ನೀ ಹೇಳು.”

“ನನ್ನ ಮಾತಿಗೆ ಈಗ ಕಿಮ್ಮತ್ತಿಲ್ಲ ಆಯಿ.”

ಸೋನಾಬಾಯಿ ಭರಮುವಿಗೆ ಕೈಮಾಡಿದರು. ಅವನು ಗುಂಡಿ ಒತ್ತಿದ. ಟಾಪು ಗೂಡಿನಿಂದ ಎದ್ದು, ಎಲ್ಲಿಯೂ ತಡೆಯದೆ ಬಂದು, ಮೆಲ್ಲಗೆ ಮುಚ್ಚಿಕೊಂಡಿತು. ಮತ್ತೆ ಒತ್ತಿದ, ತೆರೆಯಿತು. ಉತ್ತಮ ಫೋನು ಕೆಳಗಿಟ್ಟ.

“ಮದುವಿ ಮರುದಿನ ಹುಡಿಗಿ ಸೀರಿ ತೊಳದಾಕಿ ನಾನು” ಎಂದರು ಆಯಿ. “ನೀರೆಲ್ಲಾ ಹಳದಿ ಆತು, ಏನ ಬಿಡತು ಅಂತ ನನಗ ಗೊತ್ತಾಗಾಂಗಿಲ್ಲೇನ? ಗೊತ್ತಾದ ದಿನಾನ ಬ್ರಶ್ ಹಿಡದ ಗೂಡ ತಿಕ್ಕೀನಿ. ಆದ್ರ ಆ ಮನ್ಯಾಗ ಹುಡಿಗಿ ಬೇರ ಊರೂತನಕ ಬಾಯಿ ತೆರೀಬಾರದಂತ ಸುಮ್ಮನಿದ್ದೆ. ನಿನಗ ಭಾಳ ತ್ರಾಸ ಆತು.”

ಅವರು ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಭಂಡಾರ ತೆಗೆದರು. ಸಮಾಧಾನನ ಟೊಪ್ಪಿಗೆಯನ್ನು ಹಿಂದೆ ಸರಿಸಿ ಹಣೆಗೆ ಹಚ್ಚಿದರು.

“ಈ ಸಲ ಹಣಿಗಷ್ಟ” ಎಂದರು. “ಹೂಂ, ಏರು. ಪೂಲಿನತನಕ ಹೋಗಿ ಬರೂಣ. ಮಾರಬೇಕೋ ಬ್ಯಾಡೋ ಆಮ್ಯಾಲ ಹೇಳೀಯಂತ.”

ಅವನು ಹತ್ತಿ ಅವರ ಪಕ್ಕದಲ್ಲಿ ಕೂತ. ಕಣ್ಣು ಮುಚ್ಚಿದ. ಅವರು ತಿರುಗಿ ಬರುವವರೆಗೆ ಅಂಗಡಿಯ ಮುಂದಿನಿಂದ ಒಬ್ಬನೂ ಅಲುಗಲಿಲ್ಲ. ಇಳಿದವನು ಮುಖ ಒರೆಸಿಕೊಂಡು, ಎಲ್ಲರೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

“ಬ್ಯಾಡ.”