ನೀಲಿಯದು ಹಿರಿಯನಿಗೆ, ಚುಕ್ಕಾಣಿಯದು ಕಿರಿಯನಿಗೆ

ನಮ್ಮ ಮನೆಯ ಕಂಪ್ಯೂಟರನ್ನು ಪಾಲು ಮಾಡಿದ ದಿನ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಲ ಹಂಚುವುದನ್ನು ಕಂಡಿದ್ದೇನೆ, ಕೊಟ್ಟಿಗೆ ಹಂಚುವುದನ್ನು ಕಂಡಿದ್ದೇನೆ, ಒಂದು ತಾಮ್ರದ ಹಂಡೆಗಾಗಿ ಒಂದೇ ತಾಯಿಯ ಮಕ್ಕಳು ಮಾತು ಬಿಟ್ಟದ್ದನ್ನೂ ಕಂಡಿದ್ದೇನೆ. ಆದರೆ ಕಂಪ್ಯೂಟರಿನೊಳಗಿನ ಎರಡು ಬ್ರೌಸರುಗಳನ್ನು ಅಣ್ಣನಿಗೊಂದು, ತಮ್ಮನಿಗೊಂದು ಎಂದು ಹಿರೀಕರನ್ನು ಕೂರಿಸಿ ಹಂಚಿಕೊಂಡ ಮನೆ ಇಡೀ ಶಿಕಾರಿಪುರದಲ್ಲಿ ನಮ್ಮದೊಂದೇ ಇರಬೇಕು.

ನನ್ನ ತವರು ಸೊರಬ. ಮದುವೆಯಾಗಿ ಬಂದದ್ದು ಶಿಕಾರಿಪುರದ ಪಂಪ್‌ಸೆಟ್ಟು, ಪೈಪುಗಳ ವ್ಯಾಪಾರದ ಮನೆಗೆ. ಮನೆಯಲ್ಲಿ ಗಂಡನ ಅಣ್ಣ, ಅಂದರೆ ನನ್ನ ಭಾವ. ಅವರ ಹೆಂಡತಿ, ನನ್ನ ಓರಗಿತ್ತಿ. ನನ್ನ ಗಂಡ ಮತ್ತು ನಾನು. ಮದುವೆಗೆ ಮುಂಚೆ ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಂಗಡಿಯ ಕೆಲಸಕ್ಕೆಂದು ಕಂಪ್ಯೂಟರ್ ಬಂತು. ಪಡಸಾಲೆಯಲ್ಲಿ ಫೋನಿನ ಪಕ್ಕ ಅದಕ್ಕೊಂದು ಮೇಜು ಹಾಕಿದರು, ಓರಗಿತ್ತಿ ಕಸೂತಿ ಹಾಕಿದ ಬಟ್ಟೆ ಹೊದಿಸಿದರು, ನಡೆಸುವ ಕೆಲಸ ನನ್ನ ತಲೆಗೆ ಬಂತು. ನನಗೂ ಅದೇ ಬೇಕಿತ್ತು.

ಪಂಪು ಕಳಿಸುವ ಕೊಯಮತ್ತೂರಿನವರು ಇನ್ನು ಮೇಲೆ ಇಮೇಲಿನಲ್ಲೇ ಆರ್ಡರ್ ಕಳಿಸಿ ಎಂದಾಗ ಇಂಟರ್‌ನೆಟ್ಟೂ ಬಂತು. ಅರ್ಜಿ ತುಂಬಿದವಳು ನಾನು. ಸಹಿಗೆಂದು ಭಾವನ ಮುಂದೆ ಹಿಡಿದರೆ ಅವರು ಗಿರಾಕಿಯ ಜೊತೆ ಪೈಪಿನ ಮಾತಿನಲ್ಲಿದ್ದರು. "ನೀನೇ ಹಾಕವ್ವ, ಯಾರು ಹಾಕಿದ್ರೇನು" ಅಂದರು. ಹಾಕಿದೆ. ಹಾಗೆ ಸಂಪರ್ಕ ನನ್ನ ಹೆಸರಿನಲ್ಲಾಯಿತು, ಪಾಸ್‌ವರ್ಡನ್ನೂ ನಾನೇ ಆರಿಸಿದೆ. ಅದನ್ನು ಕಂಪ್ಯೂಟರಿನಲ್ಲಿ ಉಳಿಸಬಾರದು ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು, ಉಳಿಸಲಿಲ್ಲ. ಬೇಕಾದಾಗಲೆಲ್ಲ ಅಣ್ಣತಮ್ಮಂದಿರು ಅಡುಗೆಮನೆಯ ಕಡೆಗೆ ಕೂಗುತ್ತಿದ್ದರು, "ನೆಟ್ ಹಚ್ಚಿ ಕೊಡು!" ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದು ಪಾಸ್‌ವರ್ಡ್ ಒತ್ತುತ್ತಿದ್ದೆ. ಫೋನಿನ ತಂತಿ ಕೀಂ ಕರ್ರ್ ಎಂದು ಕಿರುಚಾಡಿ ಸುಮ್ಮನಾದ ಮೇಲೆ ಕುರ್ಚಿ ಬಿಟ್ಟು ಏಳುತ್ತಿದ್ದೆ. ನಾನು ಏನು ಒತ್ತಿದೆ ಎಂದು ಇಬ್ಬರೂ ಒಂದು ದಿನ ಕೇಳಿದವರಲ್ಲ.

ಎರಡು ಬ್ರೌಸರ್ ಇಟ್ಟದ್ದೂ ನಾನೇ. ಭಾವ ತಮ್ಮ ಇಮೇಲ್ ಅಂಚೆಯನ್ನು ತೆರೆದಿಟ್ಟೇ ಎದ್ದು ಹೋಗುವವರು. ಆಮೇಲೆ ನನ್ನ ಗಂಡ ಕೂತರೆ ಅಣ್ಣನ ಪತ್ರಗಳೇ ಕಣ್ಣಿಗೆ ಬೀಳುತ್ತಿದ್ದವು. ಒಮ್ಮೆ ಅಣ್ಣನ ಹೆಸರಿನಲ್ಲೇ ಯಾರಿಗೋ ಪೈಪಿನ ದರ ಕಳಿಸಿ ಫಜೀತಿಯಾಯಿತು. ಪರದೆಯ ಮೇಲೆ ಮೊದಲಿನಿಂದ ನೀಲಿ ಅಕ್ಷರದ ಬ್ರೌಸರ್ ಇತ್ತು. ಹಡಗಿನ ಚುಕ್ಕಾಣಿಯ ಚಿತ್ರ ಇದ್ದ ಇನ್ನೊಂದನ್ನು ಸಿ.ಡಿ.ಯಿಂದ ಹಾಕಿದೆ. ನೀಲಿಯದರಲ್ಲಿ ಭಾವನ ಅಂಚೆ, ಚುಕ್ಕಾಣಿಯದರಲ್ಲಿ ಗಂಡನದು. ಒಬ್ಬರದು ತೆರೆದಿದ್ದರೂ ಇನ್ನೊಬ್ಬರದಕ್ಕೆ ತಾಗುವುದಿಲ್ಲ. ನನ್ನದೂ ಒಂದು ಇಮೇಲ್ ಇತ್ತು. ಖಾಲಿ ಇದ್ದದ್ದರಲ್ಲಿ ನೋಡಿಕೊಂಡು, ನೆನಪಿಟ್ಟು ಮುಚ್ಚಿ ಏಳುತ್ತಿದ್ದೆ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ವರ್ಷ ತುಂಬುವುದರೊಳಗೆ ಪಾಲಿನ ಮಾತು ಬಂತು. ಪಂಪು ಅಣ್ಣನಿಗೆ, ಪೈಪು ತಮ್ಮನಿಗೆ. ಒಂದೇ ಸೂರಿನಡಿ ಒಲೆ ಎರಡಾದವು. ದೊಡ್ಡಪ್ಪನ ವರಸೆಯ ಹಿರಿಯರೊಬ್ಬರು ಬಳ್ಳಿಗಾವಿ ಕಡೆಯಿಂದ ಬಂದು ಜಮಖಾನೆಯ ಮೇಲೆ ಕೂತಿದ್ದರು. ಸುತ್ತಲಿನ ಎಷ್ಟೋ ಮನೆ ಒಡೆದ ಕೈ ಅದು. ಎಲ್ಲ ಮುಗಿದು ಉಳಿದದ್ದು ಕಂಪ್ಯೂಟರ್. ಇವತ್ತು ಇವನಿಗೆ, ನಾಳೆ ಅವನಿಗೆ ಎಂದರೆ ಇಬ್ಬರೂ ಒಪ್ಪಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ನಾನು, ಜಗಳ ಬೆಳೆಯುವುದು ಬೇಡವೆಂದು, "ಅದರಲ್ಲಿ ಎರಡು ಬ್ರೌಸರ್ ಇದಾವೆ, ಒಬ್ಬರದು ಒಬ್ಬರಿಗೆ ಅಡ್ಡ ಬರೋದಿಲ್ಲ" ಎಂದುಬಿಟ್ಟೆ.

ಹಿರಿಯರ ಮುಖ ಅರಳಿತು. "ಅಲ್ಲಿಗೆ ಬಗೆಹರೀತಲ್ಲ! ಬಾವಿ ಒಂದಾದ್ರೂ ರಾಟೆ ಎರಡು ಹಾಕ್ತೀವಿ, ಹಂಗೇ ಇದೂನು. ಪಾಲಿನಾಗೆ ಮೊದ್ಲು ಆರಿಸೋನು ಕಿರಿಯ. ಆರಿಸಪ್ಪ" ಅಂದರು. ನನ್ನ ಗಂಡ ಪರದೆಯ ಮುಂದೆ ಬಗ್ಗಿ, ಹೋರಿ ಆರಿಸುವವರ ಹಾಗೆ ಅತ್ತಿತ್ತ ನೋಡಿ, ಚುಕ್ಕಾಣಿಯದರ ಮೇಲೆ ಬೆರಳಿಟ್ಟರು. ನೀಲಿಯದು ಭಾವನಿಗೆ ಹೋಯಿತು.

"ಹಾಗಾದರೆ ನಾನು ಯಾವುದರಲ್ಲಿ ನೋಡಲಿ?" ಎಂದೆ.

"ನಿಂದೇನವ್ವ, ನೀ ಮನೆ ಮಗಳು. ಎರಡೂ ನಿಂದೇ ಅಲ್ಲೇನು?" ಅಂದರು ಹಿರಿಯರು. ಎಲ್ಲರೂ ನಕ್ಕರು, ಓರಗಿತ್ತಿ ಪಾನಕ ತಂದಿಟ್ಟರು.

ಎರಡೂ ನಿಂದೇ! ಈ ಮಾತನ್ನು ನಾನು ಮೊದಲ ಸಲ ಕೇಳಿದ್ದಲ್ಲ. ತವರೂ ನಿಂದೇ, ಅತ್ತೆಮನೆಯೂ ನಿಂದೇ ಎಂದು ಹೇಳಿಯೇ ನನ್ನನ್ನು ಸೊರಬದಿಂದ ಕಾರು ಹತ್ತಿಸಿದ್ದು. ತವರಿಗೆ ಹೋಗಿ ಒಂದು ವಾರ ಉಳಿದರೆ "ನಿಮ್ಮ ಮನೆಗೆ ಯಾವಾಗ ಹೊರಡೋದು?" ಎಂದು ಕೇಳುತ್ತಾರೆ. ಇಲ್ಲಿ ಪಾಯಸಕ್ಕೆ ಒಂದು ಏಲಕ್ಕಿ ಹೆಚ್ಚಾದರೆ "ನಿಮ್ಮ ಮನೇಲಿ ಹಿಂಗಾ ಮಾಡೋದು?" ಎನ್ನುತ್ತಾರೆ. ಎರಡೂ ನಿಂದೇ ಎಂದು ಯಾರಾದರೂ ಹೇಳಿದರೆ ಒಂದೂ ನಿನ್ನದಲ್ಲ ಎಂದೇ ತಿಳಿಯಬೇಕು.

ಹಾಗೇ ಆಯಿತು. ನೀಲಿಯದರಲ್ಲಿ ಕೂತರೆ ಭಾವ ಬಂದು ಹಿಂದೆ ನಿಂತು ಕೆಮ್ಮುತ್ತಿದ್ದರು. ಚುಕ್ಕಾಣಿಯದರಲ್ಲಿ ಕೂತರೆ ಗಂಡ ದನಿ ತಗ್ಗಿಸಿ, "ಫೋನಿನ ಹೊತ್ತೆಲ್ಲ ನಮ್ಮ ಕಡೆಗೇ ಹೋಯ್ತು ಅಂತಾನೆ ಅಣ್ಣ, ಅವನದರಲ್ಲಿ ನೋಡ್ಕೋ" ಎನ್ನುತ್ತಿದ್ದರು. ನೆಟ್ ಹಚ್ಚುವುದಕ್ಕೆ ಮಾತ್ರ ನಾನೇ ಆಗಬೇಕು.

ಆಗಲೇ ನನಗೊಂದು ಪತ್ರ ಬಂತು. ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ತರಬೇತಿ ಕೇಂದ್ರವೊಂದು ಹೊಸದಾಗಿ ತೆರೆಯುವುದಿತ್ತು. ಕಲಿಸುವವರು ಬೇಕೆಂದು ತಿಳಿದು ನಾನು ಬರೆದಿದ್ದೆ. ಗಂಡನಿಗೆ ಹೇಳಿಯೇ ಬರೆದಿದ್ದೆ. "ಸಿಕ್ಕಾಗ ನೋಡೋಣ" ಎಂದಿದ್ದರು. ಅವತ್ತು ಚುಕ್ಕಾಣಿಯದು ಆಗಾಗ ಮಾಡುವಂತೆ ತೆರೆದುಕೊಳ್ಳದೆ ನಿಂತುಬಿಟ್ಟಿತ್ತು. ನೀಲಿಯದರಲ್ಲಿ ಅಂಚೆ ತೆರೆದೆ. ನಿಮ್ಮನ್ನು ತೆಗೆದುಕೊಳ್ಳುತ್ತೇವೆ, ಯಾವತ್ತಿನಿಂದ ಬರುತ್ತೀರಿ ತಿಳಿಸಿ ಎಂದು ಬರೆದಿದ್ದರು. ಮತ್ತೊಮ್ಮೆ ಓದಿದೆ. ಅಷ್ಟರಲ್ಲಿ ಬಾಗಿಲಲ್ಲಿ ನೆಂಟರು. ಕಾಲಿಗೆ ನೀರು ಕೊಟ್ಟು, ಚಹಾಕ್ಕಿಟ್ಟು, ಅವರನ್ನು ಕಳಿಸಿ ಬರುವ ಹೊತ್ತಿಗೆ ನೆಟ್ ಬಂದ್ ಆಗಿತ್ತು. ನೆಂಟರು ಒಳಗಿದ್ದಾಗ ಭಾವ ಬಂದು ಕೂತು ಹೋಗಿದ್ದರು, ನೆಟ್ ಹಚ್ಚಿದ್ದರಿಂದ ಅಂಗಡಿಯಿಂದ ಎಷ್ಟು ಸಲ ಮಾಡಿದರೂ ಫೋನ್ ಸಿಗಲಿಲ್ಲವೆಂದು ರೇಗಿಕೊಂಡು ಬಂದಿದ್ದರು ಎಂದು ಓರಗಿತ್ತಿ ಹೇಳಿದರು.

ಮರುದಿನ ನಾನು ಬರುವ ತಾರೀಕು ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಕಾದೆ, ಮತ್ತೆ ನೋಡಿದೆ, ಇಲ್ಲ. ಕೊನೆಗೆ ನಾನು ಬರೆದದ್ದು ಸರಿಯಾಗಿ ಹೋಗಿದೆಯೋ ಇಲ್ಲವೋ ಎಂದು ಕಳಿಸಿದ ಪತ್ರಗಳನ್ನು ತೆರೆದರೆ, ನನ್ನ ಪತ್ರದ ಕೆಳಗೆ ನಾನು ಬರೆಯದ ಪತ್ರವೊಂದು ಕೂತಿತ್ತು. ನೆಂಟರು ಬಂದ ದಿನದ್ದು. ಇಂಗ್ಲಿಷಿನಲ್ಲಿ ಎರಡೇ ಸಾಲು: ನಮ್ಮ ಮನೆಯ ಹೆಂಗಸರು ನೌಕರಿಗೆ ಹೋಗುವುದಿಲ್ಲ, ಇನ್ನು ಬರೆಯಬೇಡಿ. ಕಳಿಸಿದವರ ಜಾಗದಲ್ಲಿ ನನ್ನ ಹೆಸರು. ನನ್ನ ಹೆಸರಿನಲ್ಲಿ, ನನ್ನ ಬಾಯಿಂದಲೇ, ನಮ್ಮ ಮನೆಯ ಹೆಂಗಸರು!

ಭಾವ ಊಟಕ್ಕೆ ಬಂದಾಗ ಪಡಸಾಲೆಯಲ್ಲೇ ನಿಲ್ಲಿಸಿ ಕೇಳಿದೆ. ಮದುವೆಯಾಗಿ ಬಂದ ಮೇಲೆ ಅವರೆದುರು ದನಿ ಎತ್ತಿದ್ದು ಅದೇ ಮೊದಲು.

ಅವರು ಮುಚ್ಚಿಡಲೂ ಇಲ್ಲ. "ಹೌದು, ನಾನೇ ಬರ್ದೆ. ನನ್ನ ಪಾಲಿನಾಗೆ ಬಂದಿತ್ತು, ನೋಡ್ದೆ. ನನ್ನ ಹಿತ್ಲಾಗೆ ಬಿದ್ದ ಹಲಸಿನಹಣ್ಣು ಯಾರ್ದವ್ವ? ಹಿರೀಕರ ಮುಂದೇ ಹಂಚ್ಕಂಡಿಲ್ಲೇನು?"

"ಹಿರೀಕರು ಹಂಚಿದ್ದು ಬ್ರೌಸರ್, ಭಾವ. ನನ್ನನ್ನಲ್ಲ" ಎಂದೆ.

"ಹೋಗ್ಲಿ ಬಿಡು, ಅಣ್ಣ ದೊಡ್ಡೋನು" ಅಂದರು ಅಲ್ಲೇ ಉಣ್ಣುತ್ತ ಕೂತಿದ್ದ ನನ್ನ ಗಂಡ, ತಟ್ಟೆಯಿಂದ ತಲೆ ಎತ್ತದೆ. ಭಾವನಿಗಿಂತ ಹೆಚ್ಚು ಸಿಟ್ಟು ಆ ತಲೆಯ ಮೇಲೆ ಬಂತು. ಅವತ್ತು ನಾನು ಉಣ್ಣಲಿಲ್ಲ. ನಾನು ಉಣ್ಣದ್ದನ್ನು ಯಾರೂ ಗಮನಿಸಲೂ ಇಲ್ಲ.

ಮಾರನೆಯ ಬೆಳಿಗ್ಗೆ ಭಾವ ಎಂದಿನಂತೆ ಕುರ್ಚಿಯ ಪಕ್ಕ ನಿಂತು, "ನೆಟ್ ಹಚ್ಚವ್ವ" ಎಂದರು. ನಾನು ರೊಟ್ಟಿ ತಟ್ಟುತ್ತಿದ್ದೆ. "ನಿಮ್ಮ ಪಾಲು ನಿಮ್ಮ ಮುಂದೇ ಇದೆಯಲ್ಲ ಭಾವ, ತಕ್ಕೊಳ್ಳಿ" ಎಂದೆ. ನೀಲಿಯದನ್ನು ಒತ್ತಿದರು, ಪಾಸ್‌ವರ್ಡ್ ಕೇಳಿತು. ತಮ್ಮ ಹೆಸರು ಹಾಕಿದರು, ಅಂಗಡಿಯ ಹೆಸರು ಹಾಕಿದರು, ಕಡೆಗೆ ಮನೆದೇವರ ಹೆಸರನ್ನೂ ಹಾಕಿದರು. ಸಂಜೆ ನನ್ನ ಗಂಡ ಚುಕ್ಕಾಣಿಯದನ್ನು ಒತ್ತಿದರು, ಅಲ್ಲೂ ಅದೇ. ಪಾಲಾದ ಮೇಲೆ ಅಣ್ಣತಮ್ಮಂದಿರಿಗೆ ಸರಿಸಮನಾಗಿ ಸಿಕ್ಕಿದ್ದು ಇದೊಂದೇ.

ನಾನು ಜಗ್ಗಲಿಲ್ಲ. ಗಂಡ ಗೋಗರೆದರು, ಓರಗಿತ್ತಿ ಮುಖ ತಿರುಗಿಸಿದರು. ಆ ದಿನಗಳಲ್ಲೇ, ಹಳೆಯ ಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ. ಹುಡುಕಿ, ಮೂರನೆಯ ಬ್ರೌಸರೊಂದನ್ನು ಹಾಕಿಕೊಂಡೆ. ಅಂಬ್ಲಿಗೊಳ ಜಲಾಶಯದ ನೀರು ನಂಬಿದ್ದ ರೈತರು ಪಂಪು ಎಲ್ಲಿ ಎಂದು ಅಂಗಡಿಯಲ್ಲಿ ಬಂದು ಕೂರುತ್ತಿದ್ದರು, ಕೊಯಮತ್ತೂರಿನವರು ಫೋನಿನಲ್ಲಿ ಹೇಳಿದ ಆರ್ಡರನ್ನು ಒಪ್ಪುತ್ತಿರಲಿಲ್ಲ. ಭಾವ ಮತ್ತೆ ಹಿರಿಯರನ್ನು ಕರೆಸಿದರು.

"ಏನವ್ವ, ಎರಡೂ ಬಾಗ್ಲು ಹಾಕಿ ಕುಂತೀಯಂತೆ?" ಅಂದರು ಹಿರಿಯರು.

ಈ ಸಲ ನಾನು ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ, ಜಮಖಾನೆಯ ಅಂಚಿನಲ್ಲಿ ಕೂತೆ. "ಬಾಗ್ಲು ತೆರೆದೇ ಇದಾವೆ ದೊಡ್ಡಪ್ಪ. ನೀವು ಹೊಲ ಹಂಚಿದಿರಿ, ಹೊಲಕ್ಕೆ ಹೋಗೋ ದಾರಿ ಹಂಚಲಿಲ್ಲ. ದಾರಿ ನನ್ನ ಹೆಸರಲ್ಲಿದೆ."

ಜೀವನವಿಡೀ ಬದು, ದಾರಿಯ ವ್ಯಾಜ್ಯ ಬಿಡಿಸಿದವರು. ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಅರ್ಜಿಗೆ ಸಹಿ ಹಾಕಿದವರು ಯಾರು ಎಂದು ಕೇಳಿದರು. ಭಾವ ತಲೆ ಎತ್ತಿ ಸೂರು ನೋಡಿದರು. "ಈಗ ನಿಂಗೇನು ಬೇಕವ್ವ?" ಎಂದು ಹಿರಿಯರು ನನ್ನ ಕಡೆ ತಿರುಗಿದರು.

"ನನ್ನ ಹೆಸರಲ್ಲಿ ಬೇಡ ಅಂತ ಬರೆದವರು, ಬರೆದದ್ದು ಅವಳಲ್ಲ, ನಾನು ಅಂತ ತಮ್ಮ ಹೆಸರಲ್ಲಿ ಬರೀಬೇಕು. ಇಲ್ಲೇ, ಎಲ್ಲರ ಮುಂದೆ."

ಭಾವ ಗೊಣಗಿದರು, ಮರ್ಯಾದೆಯ ಮಾತಾಡಿದರು, ಕಾಲ ಕೆಟ್ಟಿತೆಂದರು. ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತ, "ಬರಿಯಪ್ಪ, ಪಂಪು ಬೇಕಲ್ಲ" ಎಂದರು. ನಾನು ನೆಟ್ ಹಚ್ಚಿ ಎದ್ದು ನಿಂತೆ. ಭಾವ ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದರು. ಅವರು ಕಳಿಸುವ ತನಕ ನಾನು ಅವರ ಹಿಂದೆಯೇ ನಿಂತಿದ್ದೆ, ಒಮ್ಮೆ ಕೆಮ್ಮಿದೆ ಕೂಡ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟೂ ತಣ್ಣಗಾಗುತ್ತಿತ್ತೋ ಏನೋ. ತರಬೇತಿ ಕೇಂದ್ರದವರ ಉತ್ತರ ಬಂತು. ಕೆಲಸ ಇನ್ನೂ ಖಾಲಿ ಇದೆ, ಆದರೆ ನಿಮ್ಮ ಮನೆಯಲ್ಲಿ ಗೊಂದಲ ಇರುವಂತೆ ಕಾಣುತ್ತದೆ. ಯಜಮಾನರಿಂದ ಒಂದು ಒಪ್ಪಿಗೆ ಪತ್ರ ಕಳಿಸಿದರೆ ಬಂದು ಸೇರಬಹುದು ಎಂದಿತ್ತು. ಕಂಪ್ಯೂಟರ್ ಕಲಿಸಿ ಊರಿಗೆ ಹೊಸ ಕಾಲ ತರಲು ಹೊರಟವರು ಇವರು! ನನ್ನ ಡಿಪ್ಲೊಮಾ ನೋಡಿ ಆರಿಸಿದವರಿಗೆ ಈಗ ಗಂಡನ ಸಹಿ ಬೇಕು.

ನನ್ನ ಗಂಡ ಹಿಂದೆ ನಿಂತು ಅದನ್ನು ಓದಿದರು. ಅವತ್ತಿನ ತಪ್ಪನ್ನು ತೊಳೆದುಕೊಳ್ಳಲು ಒಳ್ಳೆಯ ಅವಕಾಶ ಸಿಕ್ಕಿತು ಅನ್ನಿಸಿರಬೇಕು. "ಏಳು, ನಾನು ಬರೀತೀನಿ, ನನ್ನ ಒಪ್ಪಿಗೆ ಇದೆ" ಎಂದರು. ಮನಸ್ಸಿನಿಂದಲೇ ಹೇಳಿದರು, ಅದು ನನಗೆ ಗೊತ್ತು.

"ಬೇಡ, ಕೂತಿದ್ದೀನಿ" ಎಂದೆ.

ನೀಲಿಯದನ್ನೂ ಮುಟ್ಟಲಿಲ್ಲ, ಚುಕ್ಕಾಣಿಯದನ್ನೂ ಮುಟ್ಟಲಿಲ್ಲ, ಮೂರನೆಯದನ್ನು ತೆರೆದೆ. ಕೇಳಿದಂತೆ ಒಪ್ಪಿಗೆ ಪತ್ರ ಬರೆದೆ: ಈ ಕೆಲಸಕ್ಕೆ ಬರಲು ನನ್ನ ಸಂಪೂರ್ಣ ಒಪ್ಪಿಗೆ ಇದೆ, ಸೋಮವಾರ ಬೆಳಿಗ್ಗೆ ಸೊರಬದ ಬಸ್ಸಿಗೆ ಬರುತ್ತೇನೆ. ಕೆಳಗೆ ನನ್ನ ಹೆಸರು ಹಾಕಿದೆ.