ಮಚ್ಚೆ ಮಾಸ್ತರು ತಿದ್ದಿದ ಆಕಾಶ

ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ನೆಗೆಟಿವ್ ತಿದ್ದುವವರನ್ನು ಎಲ್ಲರೂ ಮಚ್ಚೆ ಮಾಸ್ತರು ಎನ್ನುತ್ತಿದ್ದರು. ಮಚ್ಚೆ, ಮೊಡವೆ, ಸುಕ್ಕು ಏನೇ ಇರಲಿ, ಅವರ ಕುಂಚ ತಾಗಿದರೆ ಮಂಗಮಾಯ. ಕೇಳಿ ತಿದ್ದುವ ಅಭ್ಯಾಸ ಮಾತ್ರ ಇರಲಿಲ್ಲ. ಒಮ್ಮೆ ಮದುಮಗನೊಬ್ಬನ ಹಣೆಯ ಗಾಯದ ಗುರುತು ಅಳಿಸಿ, "ಇವನ್ಯಾರು?" ಎಂದು ಅವನ ತಾಯಿಯಿಂದಲೇ ಕೇಳಿಸಿಕೊಂಡಿದ್ದರು. ಆದರೂ ಬುದ್ಧಿ ಬರಲಿಲ್ಲ.

ಅವರಿಗೆ ಮಕ್ಕಳಿಲ್ಲ. ಅಣ್ಣನ ಮಗಳೆಂದರೆ ಪಂಚಪ್ರಾಣ. ಖಗೋಳ ವೀಕ್ಷಣಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಆಕೆ ಒಂದು ದಿನ ಗಾಜಿನ ನೆಗೆಟಿವ್ ತಂದು ಕೈಗಿಟ್ಟಳು.

"ಚಿಕ್ಕಪ್ಪಾ, ಇದನ್ನ ದೊಡ್ಡದು ಮಾಡಿಕೊಡು. ಮುಂದಿನ ವಾರ ಇದನ್ನ ನೋಡೇ ನಂಗೆ ಕೆಲಸ ಕೊಡೋದು. ಇರೋದು ಇದೊಂದೇ, ಜೋಪಾನ."

ಮಾಸ್ತರು ದೀಪಕ್ಕೆ ಹಿಡಿದು ನೋಡಿದರು. ನೆಗೆಟಿವ್‌ನಲ್ಲಿ ಬೆಳಕೆಲ್ಲ ಕಪ್ಪಾಗುವುದರಿಂದ ಕರಿಚುಕ್ಕೆಗಳಾಗಿದ್ದ ಒತ್ತೊತ್ತಾದ ನಕ್ಷತ್ರಗಳ ನಡುವೆ ಉದ್ದಕ್ಕೂ ಖಾಲಿ ಖಾಲಿ ಕಲೆ. ಗಾಜಿನ ಮೇಲೆ ಚಿತ್ರ ಮೂಡುವ ಲೇಪ ಕಿತ್ತುಹೋಗಿದೆ, ಪಾಪ ಹುಡುಗಿಗೆ ಗೊತ್ತಾಗಿಲ್ಲ ಎಂದುಕೊಂಡರು. ಮಧ್ಯಾಹ್ನವೆಲ್ಲ ಉಸಿರು ಬಿಗಿಹಿಡಿದು, ಆ ಜಾಗದ ತುಂಬ ಮಸಿಯಿಂದ ನಕ್ಷತ್ರ ಇಟ್ಟರು. ಪ್ರೀತಿಯಿಂದಲೇ ಇಟ್ಟರು. ಹಾಳು ಪ್ರೀತಿ!

ಸಂಜೆ ಬಂದವಳು ನೋಡಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಅದು ಕಲೆ ಅಲ್ಲ ಚಿಕ್ಕಪ್ಪಾ, ಮೋಡ. ಅನಿಲ, ಧೂಳು. ಹಿಂದಿರೋ ನಕ್ಷತ್ರಗಳ ಬೆಳಕನ್ನ ಬಿಡಲ್ಲ, ಅದಕ್ಕೇ ಖಾಲಿ ಕಾಣ್ಸೋದು. ಒಳಗೆ ಎಳೆ ಎಳೆಯಾಗಿರುತ್ತೆ, ಎಳೆಗಳಲ್ಲಿ ಗಂಟುಗಳು. ಆ ಗಂಟು ತನ್ನ ಭಾರಕ್ಕೆ ತಾನೇ ಒಳಕ್ಕೆ ಕುಸಿದು, ಕಾದು ಕಾದು ನಕ್ಷತ್ರ ಆಗೋದು. ನಾನು ಹುಡುಕ್ತಿದ್ದದ್ದೇ ಆ ಗಂಟುಗಳನ್ನ."

"ತೊಳೆದುಬಿಡ್ತೀನಿ, ಇರು ಮಗಳೇ," ಎಂದ ಮಾಸ್ತರು ಗಾಬರಿಯಲ್ಲಿ ಬಿಸಿನೀರು ಸುರಿದರು. ಕೆಲಸ ಕಲಿಯಲು ಬಂದವರಿಗೆಲ್ಲ ಹಾಗೆ ಮಾಡಬೇಡಿ ಎಂದು ಗದರಿದವರು ಅವರೇ. ಮಸಿಯ ಜೊತೆ ಲೇಪವೂ ಹಾಲಿನ ಕೆನೆಯಂತೆ ಎದ್ದುಬಂತು. ಮತ್ತೆ ತೆಗೆಯೋಣವೆಂದರೆ ಆ ಮೋಡವಿರುವ ಆಕಾಶದ ಭಾಗ ರಾತ್ರಿ ಹೊತ್ತು ಮತ್ತೆ ಕಣ್ಣಿಗೆ ಬೀಳುವುದು ಮುಂದಿನ ವರ್ಷ.

ಕೆಲಸ ಬೇರೆಯವರ ಪಾಲಾಯಿತು. ಆಕೆ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡಲು ಸೇರಿದಳು. ಚಿಕ್ಕಪ್ಪನಿಗೆ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಈಗಲೂ ರಜೆಯಲ್ಲಿ ಬರುತ್ತಾಳೆ, ಚಿಕ್ಕಮ್ಮನ ಮಂಡಿನೋವು ವಿಚಾರಿಸುತ್ತಾಳೆ, ನಗಿಸುತ್ತಾಳೆ.

ಮೊನ್ನೆ ಊಟಕ್ಕೆ ಕೂತಾಗ ಮಾಸ್ತರು ಧೈರ್ಯ ಮಾಡಿ ಕೇಳಿಯೇಬಿಟ್ಟರು. "ಆ ಮೋಡದಲ್ಲಿ ಈಗ ನಕ್ಷತ್ರ ಹುಟ್ಟಿರುತ್ತಾ?"

"ಅದಕ್ಕೆ ಲಕ್ಷಾಂತರ ವರ್ಷ ಬೇಕು ಚಿಕ್ಕಪ್ಪಾ," ಎಂದು ಆಕೆ ನಕ್ಕಳು. "ನಾನಂತೂ ಮೇಲೆ ನೋಡೋದೇ ಬಿಟ್ಟಿದೀನಿ."