ಕಾಕಾ ಕಚ್ಚಿ ಕೊಟ್ಟ ಕಪ್ಪೆ

ಇಮಾಮಕಾಕಾನ ಬಾಯಿಗೆ ಒಮ್ಮೆ ಹೋಗಿ ಬಾರದ ಕಪ್ಪೆ ಯಾವ ಗಿರಾಕಿಯ ಕೈಗೂ ಸೇರುತ್ತಿರಲಿಲ್ಲ. ಹಾನಗಲ್ಲ ಸಂತೆಯಲ್ಲಿ ಗೋಣಿತಾಟು ಹಾಸಿ, ಹಸಿರು, ಹಳದಿ, ಕರಿ ರಬ್ಬರ್ ಕಪ್ಪೆಗಳನ್ನು ಮದುವೆ ಪಂಗತಿಯ ಹಾಗೆ ಸಾಲಾಗಿ ಕೂರಿಸಿ ಕುಳಿತಿರುತ್ತಿದ್ದರು. ಗಿರಾಕಿ ಒಂದಕ್ಕೆ ಬೆರಳು ಮಾಡಿದರೆ ಸಾಕು, ಅದನ್ನೆತ್ತಿ ಅಂಗಿಯ ಅಂಚಿಗೆ ಒರೆಸಿ, ಮುಂದಿನ ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ ಮೆಲ್ಲಗೆ ಕಚ್ಚುವರು. ಮನಸ್ಸಿಗೆ ಬಂದರೆ ತಲೆಯಾಡಿಸಿ ಕೊಡುವರು. ಬಾರದಿದ್ದರೆ ಪಕ್ಕಕ್ಕೆ ಎಸೆದು ಇನ್ನೊಂದನ್ನು ಕಚ್ಚುವರು. ಹೊಸಬರು ಹೌಹಾರುತ್ತಿದ್ದರು.

“ಏನ್ ಸಾಹೇಬ್ರ, ಎಂಜಲಾ ಮಾಡಿ ಕೊಡ್ತೀರಲ್ರಿ?”

“ನಿನಗ ತಿನ್ನಾಕ ಕೊಟ್ಟೇನೇನೋ ತಮ್ಮಾ? ತಿನ್ನಾಂವ ನೀರಾಗ ಅದಾನ. ನನ್ನ ಬಾಯಿಗೆ ಬಿರುಸಾಗಿದ್ದು ಅವನ ಬಾಯಿಗೆ ಹೆಂಗ ಮೆತ್ತಗಾಗತೈತಿ?”

ಹಳಬರಿಗೆ ಮಾತ್ರ ಹಲ್ಲಿನ ಗುರುತಿಲ್ಲದ ಕಪ್ಪೆ ನಡೆಯುತ್ತಿರಲಿಲ್ಲ. ಶಿಗ್ಗಾಂವಿಯ ಒಬ್ಬರಂತೂ ಮನೆಗೆ ಹೋದಮೇಲೆ ಗುರುತು ಕಾಣದೆ, “ಇದನ್ನ ಕಚ್ಚೇ ಇಲ್ಲರೀ ಕಾಕಾ” ಎಂದು ಮರುವಾರ ವಾಪಸು ತಂದಿದ್ದರು.

ಇವು ಗಾಳದ ಕಪ್ಪೆಗಳು. ಹೊಟ್ಟೆಯೊಳಗೆ ಗಾಳ ಅಡಗಿಸಿ, ದಾರ ಕಟ್ಟಿ, ಕೆರೆಯ ಜೊಂಡಿನ ಮೇಲೆ ಎಳೆದರೆ ನಿಜವಾದ ಕಪ್ಪೆಯೇ ಕುಪ್ಪಳಿಸಿದಂತೆ ಕಾಣುತ್ತದೆ. ಹಾವಿನಂಥ ತಲೆಯ ಮರಲ್ ಮೀನು ಕೆಸರಿನಲ್ಲಿ ಹೊಂಚು ಹಾಕಿಕೊಂಡಿದ್ದು ಗಬಕ್ಕನೆ ನುಂಗುತ್ತದೆ. ನುಂಗಬೇಕು ಅನ್ನುವುದು ಕಾಕಾನ ಆಸೆ.

ಸವಣೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರದು ಶೇವು, ಚೂಡಾದಂಥ ಖಾರ ಕರಿಯುವ ಮನೆತನ. ಗೌರಿ ಹುಣ್ಣಿಮೆ ಬಂತೆಂದರೆ ಸಕ್ಕರೆ ಆರತಿ ಹೊಯ್ಯುವ ಮನೆತನ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಕಡೆಯವರು ಆ ಹುಣ್ಣಿಮೆಗೆ ಸಕ್ಕರೆಯ ಆನೆ, ಕುದುರೆ, ಗಿಳಿ, ತುಳಸಿಕಟ್ಟೆ ಒಯ್ದು ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಊರಿನ ಅರ್ಧ ಹುಡುಗಿಯರ ಉಡಿಗೆ ಬಿದ್ದದ್ದು ಇವರ ಮನೆಯ ಸಕ್ಕರೆಯೇ. ಅಚ್ಚುಗಳು ಕಾಕಾನ ಅಜ್ಜ ಸಾಗವಾನಿಯಲ್ಲಿ ಕೊರೆಸಿದ್ದು. ಅವುಗಳನ್ನು ಹಜರಾಬಿ ಚಾಚಿ, ಅಂದರೆ ಕಾಕಾನ ಹೆಂಡತಿ, ಹಸುಗೂಸಿನ ಹಾಗೆ ಮೆತ್ತನೆ ಅರಿವೆಯಲ್ಲಿ ಸುತ್ತಿ ಇಡುತ್ತಿದ್ದರು.

ಕಪ್ಪೆಯ ಗಂಟು ಬಿದ್ದದ್ದು ಮಾಸೂರಿನ ಮಡಗದ ಕೆರೆಯ ದಂಡೆಯಲ್ಲಿ. ಕಾಕಾ ಎರೆಹುಳ ಪೋಣಿಸಿಕೊಂಡು ಕುಳಿತಿದ್ದರೆ ಅದನ್ನೆಲ್ಲ ಏಡಿಗಳು ತಿಂದು ಹೋಗುತ್ತಿದ್ದವಂತೆ. ಪಕ್ಕದಲ್ಲಿ ಪಟ್ಟಣದಿಂದ ಬಂದ ಒಬ್ಬರು ರಬ್ಬರ್ ಕಪ್ಪೆ ಎಸೆದು ಒಂದೇ ಮುಂಜಾನೆ ಮೂರು ಮರಲ್ ಎತ್ತಿದರು. ಕಾಕಾ ಕಪ್ಪೆಯನ್ನು ಕೇಳಿ ಇಸಗೊಂಡರು. ಹಿಚುಕಿದರು, ಮೂಸಿದರು. ಸಕ್ಕರೆ ಹೊಯ್ಯುವವರ ರೂಢಿ ಎಲ್ಲಿ ಹೋಗುತ್ತದೆ? ಕಚ್ಚಿಯೇ ಬಿಟ್ಟರು. “ಅರೆ, ಇದು ಪಾಕದ ಕೆಲಸ!” ಎಂದರು. ಆ ಮನುಷ್ಯ ಕಪ್ಪೆಯನ್ನು ಕಸಿದುಕೊಂಡು ಮೂರು ಸಲ ತೊಳೆದರಂತೆ.

ಹುಬ್ಬಳ್ಳಿಯಿಂದ, ಆರಿದರೆ ರಬ್ಬರಿನಂತಾಗುವ ಪ್ಲಾಸ್ಟಿಕ್ ದ್ರವದ ಒಂದು ಡಬ್ಬಿ ಬಂತು. ನೋಡಲು ಹಾಲಿನ ಹಾಗೆ ಬೆಳ್ಳಗೆ. ಕಾಸಿದರೆ ಮೊದಲು ಖವೆಯ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಒಮ್ಮೆಲೇ ಕಾಸಿದ ತುಪ್ಪದಂತೆ ತಿಳಿಯಾಗುತ್ತದೆ. ಅಲ್ಲಿ ಇಳಿಸಬೇಕು. ಒಂದು ಉಸಿರು ತಡವಾದರೆ ಹೊತ್ತಿ, ಓಣಿಯವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಬರಬೇಕು. ಕಪ್ಪೆಯ ಅಚ್ಚನ್ನು ಕಾಕಾ ಪ್ಲಾಸ್ಟರಿನಲ್ಲಿ ತಾವೇ ಮಾಡಿದ್ದರು. ಸಕ್ಕರೆ ಹೊಯ್ಯುವ ಮೊದಲು ಅಚ್ಚನ್ನು ನೀರಿನಲ್ಲಿ ನೆನೆಸುವುದು ಏಳೆಂಟು ವರ್ಷದ ವಯಸ್ಸಿನಿಂದ ಕೈಗೆ ಹತ್ತಿದ ಅಭ್ಯಾಸವಲ್ಲವೇ, ಇದನ್ನೂ ನೆನೆಸಿಟ್ಟರು. ಕುದಿಯುವ ಪ್ಲಾಸ್ಟಿಕ್ಕು ಹಸಿ ಅಚ್ಚಿಗೆ ಬಿದ್ದದ್ದೇ ತಡ, ಪಟಪಟ ಸಿಡಿಯಿತು. ಕಾಕಾನ ಎಡಹುಬ್ಬು ಹೋಯಿತು. ಮೆಹಂದಿ ಹಚ್ಚಿದ ಗಡ್ಡದಲ್ಲಿ ಹಸಿರು ಹನಿಗಳು ಹೆಪ್ಪುಗಟ್ಟಿ ಕುಳಿತವು.

“ಸಕ್ಕರಿ ಅಚ್ಚಿಗೆ ನೀರ ಬೇಕು. ಇದಕ್ಕ ನೀರ ಕಂಡ್ರ ಆಗೂದಿಲ್ಲ ಮಗಳ,” ಎಂದು ಒಂದೇ ಹುಬ್ಬು ಏರಿಸಿ ನನಗೆ ಹೇಳಿದರು. “ಥೇಟ್ ನಿಮ್ಮ ಚಾಚಿಗೆ ನಮ್ಮ ಅಕ್ಕನ್ನ ಕಂಡ್ರ ಆಗದಂಗ.”

ಗಂಡಹೆಂಡತಿ ಮನೆಯಲ್ಲಿ ಆಡುವುದು ಉರ್ದು. ಆದರೆ ಜಗಳ ಬಂದರೆ ಚಾಚಿ ಕನ್ನಡಕ್ಕೆ ಹೊರಳುತ್ತಿದ್ದರು. ಓಣಿಗೆ ತಿಳಿಯಬೇಕಲ್ಲ! ಅಂದು ಹೊಸ್ತಿಲಲ್ಲಿ ನಿಂತು ಕರಾರು ಹಾಕಿದರು. “ಕೇಳ್ರೆವಾ ಎಲ್ಲಾರೂ! ಇವರ ಹುಚ್ಚಿಗೆ ಹಿತ್ತಲದಾಗ ಬ್ಯಾರೆ ಒಲಿ. ಸಕ್ಕರಿ ಬೋಗಾಣಿ ಮುಟ್ಟಂಗಿಲ್ಲ. ಅಜ್ಜಾರ ಅಚ್ಚು ಮುಟ್ಟಿದ್ರಂತೂ ನೋಡ್ರಿ ಮತ್ತ!”

“ಹುಚ್ಚ ಅಲ್ಲ ಹಜರಾ, ಕೆಲಸ. ಒಮ್ಮೆ ಕೆಲಸ ಅನ್ನು,” ಎಂದು ಕಾಕಾ ಗೋಗರೆದರು.

“ಹುಚ್ಚು!”

ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ ಆ ಮನೆಯಲ್ಲಿ ನಡೆದದ್ದು ಈ ಒಂದೇ ವ್ಯಾಜ್ಯ. ಕಾಕಾಗೆ ಗಿರಾಕಿಗಳ ಹೊಗಳಿಕೆ ಬೇಕಾದಷ್ಟಿತ್ತು. ಹಾನಗಲ್ಲ ಸಂತೆಯಲ್ಲಿ ಅವರ ಹೆಸರೇ ಕಪ್ಪಿ ಇಮಾಮಸಾಬ ಎಂದಾಗಿತ್ತು. “ಊರ ಏನರ ಅನ್ಲಿ,” ಅನ್ನುತ್ತಿದ್ದರು ನನ್ನೆದುರು, “ಮನ್ಯಾಗ ಆಕಿ ಬಾಯಾಗ ಒಮ್ಮೆ ‘ನಮ್ಮವ್ರು ಕೆಲಸ ಮಾಡಾಕತ್ತಾರ’ ಅಂತ ಬರಬೇಕು. ಅಷ್ಟ ಸಾಕು ನನಗ.”

ಅದು ಬರುವುದಿರಲಿ, ಇದ್ದ ಮರ್ಯಾದೆಯೂ ಹೋಗುವ ಪ್ರಸಂಗ ಬಂತು. ಅದಕ್ಕೆ ಕಾರಣ ನನ್ನ ತಮ್ಮ ಬಸುವಿನ ನಿಶ್ಚಿತಾರ್ಥ.

ಹುಡುಗಿ ಮಾಸೂರಿನವಳು, ರೇಖಾ. ಗೌರಿ ಹುಣ್ಣಿಮೆಗೆ ಅವಳ ಉಡಿ ತುಂಬಲು ಒಂದು ದೊಡ್ಡ ಡಬ್ಬಿ ಸಕ್ಕರೆ ಆರತಿ ಮಾಡಿಕೊಡಿ ಎಂದು ಚಾಚಿಗೆ ಹೇಳಿದ್ದೆ. ಅದೇ ವಾರ ಕಾಕಾಗೂ ಒಂದು ಬೇಡಿಕೆ ಬಂದಿತ್ತು. ಮಳೆಯ ಕೆಂಪು ನೀರು ಕೆರೆ ಸೇರಿದೆ, ಅದರಲ್ಲಿ ಕಾಣುವಂಥ ಬಿಳಿ ಕಪ್ಪೆ ಬೇಕು ಎಂದು ಹುಬ್ಬಳ್ಳಿಯ ಗಾಳದವರು ಕೇಳಿದ್ದರು. ಬಣ್ಣ ಕಲಸಿದ್ದಾಯಿತು, ದ್ರವ ತಿಳಿಯಾಯಿತು, ಪ್ಲಾಸ್ಟರ್ ಅಚ್ಚು ಮಾತ್ರ ಆ ಗಳಿಗೆಗೇ ಎರಡು ಹೋಳಾಯಿತು. ಚಾಚಿ ಬಂಕಾಪುರಕ್ಕೆ ಮದುವೆ ಊಟಕ್ಕೆ ಹೋಗಿದ್ದರು. ಕಾಕಾನ ಕಣ್ಣು ಅಜ್ಜನ ಗಿಳಿ ಅಚ್ಚಿನ ಮೇಲೆ ಬಿತ್ತು.

ಒರೆಸಿ ಒಣಗಿಸಿ, ಎಣ್ಣೆ ಸವರಿ, ಆರು ಗಿಳಿ ಹೊಯ್ದರು. ಏಲಕ್ಕಿ ಎಸೆನ್ಸನ್ನೂ ಹಾಕಿದ್ದರು. ಮಡಗದ ಮೀನು ಪರದೇಶದ್ದಲ್ಲ, ಅದಕ್ಕೂ ಏಲಕ್ಕಿ ವಾಸನೆ ಹಿತ ಅನ್ನುವುದು ಅವರ ನಂಬಿಕೆ. ಹಿತ್ತಲಲ್ಲಿ ಬೆಕ್ಕು ಎಳೆದೀತೆಂದು, ಆರಲು ಇಟ್ಟಿದ್ದ ಸಕ್ಕರೆ ಗಿಳಿಗಳ ಸಾಲಿನಲ್ಲಿಯೇ ಇವನ್ನೂ ಕಾಗದದ ತುಂಡಿನ ಮೇಲೆ ನಿಲ್ಲಿಸಿ ನಮಾಜಿಗೆ ಹೋದರು.

ಅಷ್ಟರಲ್ಲಿ ಚಾಚಿ ಬಂದರು. ಕೈಬೆವರು ತಾಗಿದರೆ ಸಕ್ಕರೆಯ ಹೊಳಪು ಹೋಗುತ್ತದೆ ಎಂದು ಅವರು ಗೊಂಬೆಗಳನ್ನು ಎಂದೂ ಮುಟ್ಟುತ್ತಿರಲಿಲ್ಲ. ಕೆಳಗಿನ ಕಾಗದ ಸಮೇತ ಸರಿಸಿ ಡಬ್ಬಿಗೆ ಇಳಿಸುತ್ತಿದ್ದರು. ಹಾಗೆಯೇ ಇಳಿಸಿ, ಮೇಲೆ ಜರಿ ಕಾಗದ ಮುಚ್ಚಿ ನನ್ನ ಕೈಗೆ ಕೊಟ್ಟರು. ಕಾಕಾ ತಿರುಗಿ ಬಂದು ನೋಡಿದರೆ ಗಿಳಿಗಳಿಲ್ಲ. ಚಾಚಿ ಏನೂ ಅನ್ನಲಿಲ್ಲ. ಕಂಡು ಎಸೆದು, ಈ ಸಲಕ್ಕೆ ಮಾಫಿ ಮಾಡಿದ್ದಾಳೆ ಎಂದು ತಿಳಿದು ಕಾಕಾ ಅಂದು ಎರಡು ರೊಟ್ಟಿ ಹೆಚ್ಚು ತಿಂದರಂತೆ.

ಮಾಸೂರಿನಲ್ಲಿ ರೇಖಾಳ ಉಡಿ ತುಂಬಿದ್ದಾಯಿತು. ಮನೆಯ ಹಿರಿಯಳು ಮೊದಲ ಗೊಂಬೆ ಮುರಿದು ಎಲ್ಲರಿಗೂ ಹಂಚಬೇಕು. ಅವಳ ಅಜ್ಜಿ ನೀಲವ್ವ ಒಂದು ಗಿಳಿ ಎತ್ತಿಕೊಂಡಳು. ಮುರಿದಳು, ಗಿಳಿ ಬಾಗಿತು. ತಿರುವಿದಳು, ತಿರುವಿಕೊಂಡಿತು. ಕಡೆಗೆ ಬಾಲವನ್ನು ಉಳಿದ ನಾಲ್ಕು ಹಲ್ಲಿಗೆ ಕೊಟ್ಟು ತಲೆ ಹಿಡಿದು ಜಗ್ಗಿದಳು. ಗಿಳಿ ಮೊಳದಷ್ಟು ಉದ್ದವಾಯಿತು. ಕೈ ಜಾರಿತು. ಗಿಳಿಯ ತಲೆ ಹಿಂದಿರುಗಿ ಅಜ್ಜಿಯ ಮೂಗಿಗೆ ಫಟ್ಟನೆ ಬಡಿಯಿತು.

“ಯವ್ವಾ! ಇದರಾಗ ಜೀಂವ ಐತಿ!”

ರೇಖಾ ಸೆರಗು ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ನನಗೆ ಮಾತ್ರ ಬಸುವಿನ ಮದುವೆಯೇ ಮುರಿದಂತೆ ಕಂಡಿತು. ಆಗ ಪಡಸಾಲೆಯಲ್ಲಿದ್ದ ಅವಳ ಅಜ್ಜ ಹನುಮಂತಪ್ಪ ಎದ್ದು ಬಂದರು. ಗಿಳಿಯನ್ನು ಹಿಚುಕಿ, ಮೂಸಿ, ಬೆಳಕಿಗೆ ಹಿಡಿದು ನನ್ನನ್ನು ನೋಡಿದರು.

“ಇದನ್ನ ಮಾಡಿದಾಂವ ಯಾರು?”

“ನಮ್ಮ ಬಾಜೂ ಮನಿಯವ್ರರಿ... ತಪ್ಪಾಗೇತ್ರಿ ಅಜ್ಜಾರ,” ಎಂದೆ.

ಅವರು ಆರೂ ಗಿಳಿಗಳನ್ನು ಆರಿಸಿ ಧೋತರದ ತುದಿಗೆ ಕಟ್ಟಿಕೊಂಡರು. “ಆನಿ, ಕುದರಿ ನೀವು ತಿನ್ರಿ. ಇವು ನನ್ನ ಕಡೆ ಇರ್ಲಿ,” ಎಂದವರೇ ಹೊರಟುಹೋದರು. ಪಂಚರ ಮುಂದೆ ಸಾಕ್ಷಿಗೆ ಇಡುತ್ತಾರೆ ಎಂದೇ ನಾನು ತಿಳಿದೆ.

ಸುದ್ದಿ ಕೇಳಿ ಚಾಚಿ ಹೊಸ್ತಿಲಿಗೆ ಬಂದರು. ಭಾಷೆ ಕನ್ನಡವಾಯಿತು.

“ಮೂರು ತಲಿ ಸಕ್ಕರಿ ಹೊಯ್ದ ಮನಿ ಇದು! ಮದುವಿ ಹುಡುಗಿ ಉಡಿಯಾಗ ಪ್ಲಾಸ್ಟಿಕ್ ಹಾಕಿಸಿದ್ರಲ್ರಿ!”

“ಡಬ್ಬಿಗೆ ಹಾಕಿದಾಕಿ ನೀನ,” ಎಂದು ಕಾಕಾ ಮೆಲ್ಲಗೆ ಅಂದರು.

“ಸಾಲಿನ್ಯಾಗ ಇಟ್ಟಾಂವ ಯಾರು?”

ಓಣಿಯವರೆಲ್ಲ ಕಾಕಾನ ಮುಖ ನೋಡಿದರು. ಚಾಚಿ ದ್ರವದ ಡಬ್ಬಿ, ಬೋಗಾಣಿ, ಉಳಿದ ಅಚ್ಚು, ಬಣ್ಣ ಎಲ್ಲವನ್ನೂ ಕಬ್ಬಿಣದ ಟ್ರಂಕಿಗೆ ತುಂಬಿ, ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎಂಟು ದಿನ ಕಾಕಾ ಅಂಗಡಿಯಲ್ಲಿ ಕುಳಿತು ಖಾರ ಮಾರಿದರು. ರೂಢಿ ತಪ್ಪದೆ ಪ್ರತಿ ಗಿರಾಕಿಯ ಶೇವನ್ನು ಕಚ್ಚಿ ನೋಡಿ ಕಟ್ಟುತ್ತಿದ್ದರಿಂದ ಇದ್ದ ನಾಲ್ಕು ಗಿರಾಕಿಗಳೂ ಎದುರಿನ ಅಂಗಡಿಗೆ ಹೋದರು.

ಒಂಬತ್ತನೆಯ ದಿನ ಹನುಮಂತಪ್ಪಜ್ಜ ಮಾಸೂರಿನಿಂದ ಬಂದಿಳಿದರು. ಹೆಗಲ ಮೇಲೆ ಒದ್ದೆ ಗೋಣಿಚೀಲ. ಓಣಿಯಲ್ಲಿ ವಿಚಾರಿಸುತ್ತ ಬರುವುದನ್ನು ಕಂಡ ಕಾಕಾ ಖಾರದ ಡಬ್ಬಿಗಳ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತರು.

“ಗಿಳಿ ಮಾಡಿದಾಂವ ಎಲ್ಲಿ ಅದಾನವಾ?”

“ಅವ್ರು ಊರಾಗಿಲ್ರಿ,” ಎಂದರು ಚಾಚಿ. ಎಷ್ಟೇ ಸಿಟ್ಟಿದ್ದರೂ ಗಂಡನನ್ನು ಹೊರಗಿನವರ ಕೈಗೆ ಕೊಡುವ ಹೆಂಗಸಲ್ಲ. ಆದರೆ ಖಾರದ ಘಾಟು ಬಿಡಬೇಕಲ್ಲ? ಡಬ್ಬಿಗಳ ಹಿಂದೆ ಒಂದು ದೊಡ್ಡ ಸೀನು ಬಂತು.

ಅಜ್ಜ ಆ ಕಡೆ ತಿರುಗಿ ಗೋಣಿಚೀಲ ಬಿಚ್ಚಿದರು. ತೋಳುದ್ದದ ಮರಲ್ ಕಟ್ಟೆಯ ಮೇಲೆ ಧೊಪ್ಪನೆ ಬಿತ್ತು. “ಅರವತ್ತು ವರ್ಷ ಕೆರಿ ದಂಡ್ಯಾಗ ಕುಂತೇನಿ. ಇಂಥಾದ್ದು ನನ್ನ ಕೈಗೆ ಬಂದಿದ್ದಿಲ್ಲ. ಗಾಳಕ್ಕ ಸಿಕ್ಕಿಸಿ ಒಗದೆ, ಐದು ಗಿಳಿ ಹರಕೊಂಡು ಹೋತು, ಆರನೇದಕ್ಕ ಸಿಕ್ತು. ಇನ್ನೊಂದ್ ಡಜನ್ ಬೇಕ್ರಪಾ.”

ಕಾಕಾ ಮೆಲ್ಲಗೆ ಎದ್ದು ನಿಂತರು. ಗಡ್ಡದ ತುಂಬ ಶೇವಿನ ಪುಡಿ. “ಮರಲ್ ಗಿಳಿ ತಿಂತೈತಿ ಅಂತ ನನಗೂ ಗೊತ್ತಿದ್ದಿಲ್ರಿ.”

“ಅದಕ್ಕರ ಅದು ಗಿಳಿ ಅಂತ ಎಲ್ಲಿ ಗೊತ್ತ? ಹುಟ್ಟಿದಾಗಿಂದ ನೀರಾಗ ಐತಿ!”

ಚಾಚಿ ಮೀನನ್ನು ನೋಡಿದರು, ಗಂಡನನ್ನು ನೋಡಿದರು. ಸೊಂಟದ ಕೀಲಿಕೈ ತೆಗೆದು ಕಟ್ಟೆಯ ಮೇಲಿಟ್ಟರು. “ಗಿಳಿ ಅಚ್ಚು ಇನ್ನ ಸಕ್ಕರಿಗೆ ನಡಿಯೂದಿಲ್ಲ. ನೀವ ಇಟ್ಕೊರಿ. ಆದ್ರ ಹುಚ್ಚು ಹುಚ್ಚ,” ಎಂದು ಮೀನನ್ನು ಎತ್ತಿಕೊಂಡು ಒಳಗೆ ಹೋದರು. ಬಸುವಿನ ಮದುವೆಯ ಮಾತನ್ನು ಯಾರೂ ಎತ್ತಲೇ ಇಲ್ಲ. ಅದು ಗಟ್ಟಿಯಾಗಿಯೇ ಇತ್ತು.

ಆಮೇಲೆ ಕಪ್ಪೆಗಿಂತ ಗಿಳಿಗೇ ಹೆಸರು ಬಂತು. ಚಾಚಿಯೂ ಹಿತ್ತಲ ಒಲೆಯ ಹತ್ತಿರ ಸುಳಿಯತೊಡಗಿದರು. “ಯಾಲಕ್ಕಿ ಸುರುವಿಬಿಡ್ತಾರ, ಕೈಗೆ ಹಿಡತ ಇಲ್ಲ,” ಎಂದು ಬಯ್ಯುತ್ತ ತಾವೇ ಅಳೆದು ಹಾಕುವರು. ಉರಿ ನೋಡುವರು, ಕಾಗದ ಕತ್ತರಿಸಿ ಕೊಡುವರು. ಆ ಒಂದು ಮಾತನ್ನು ಮಾತ್ರ ಆಡರು.

ಕಾಕಾನನ್ನು ನಾನು ಕಡೆಯ ಸಲ ಕಂಡದ್ದು ಹೋದ ಮಳೆಗಾಲದಲ್ಲಿ. ಹಿತ್ತಲಲ್ಲಿ ಗಿಳಿಗಳನ್ನು ಆರಲು ಇಡುತ್ತಿದ್ದರು. ನಾನು ಗೋಡೆಯ ಮೇಲಿಂದ, “ಏನಂತಾರ ಚಾಚಿ? ಆ ಮಾತು ಆಡಿದ್ರೇನು?” ಎಂದು ಕೇಳಿದೆ.

“ಇನ್ನೂ ಇಲ್ಲ ಮಗಳ,” ಎಂದು ನಕ್ಕರು. “ಅಂತಾಳ ಬಿಡು. ಪಾಕ ಇನ್ನೂ ಎಳೀದೈತಿ.”

ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು.

ಮರಣ ದಾಖಲೆ ಮಾಡಿಸಲು ಚಾಚಿಯ ಜೊತೆ ಪುರಸಭೆಗೆ ನಾನೇ ಹೋಗಿದ್ದೆ. ಗುಮಾಸ್ತರು ಹೆಸರು, ತಂದೆಯ ಹೆಸರು, ವಯಸ್ಸು ಬರೆದುಕೊಂಡು, “ಉದ್ಯೋಗ ಏನ್ರಿ?” ಎಂದರು.

“ಖಾರದ ಅಂಗಡಿ ಅಂತ ಬರ್ಕೊರಿ,” ಎಂದೆ ನಾನು.

“ನಿಂದ್ರಪಾ,” ಎಂದರು ಚಾಚಿ. “ಖಾರ ಕರಿಯಾಕಿ ನಾನು. ಸಕ್ಕರಿ ಹೊಯ್ಯಾಕಿನೂ ನಾನು. ಅವ್ರದು ಬ್ಯಾರೆ. ಮೀನ ಹಿಡಿಯೂ ಕಪ್ಪಿ ಮಾಡತಿದ್ರು. ರಬ್ಬರಿಂದು. ಗಿಳಿನೂ.”

ಗುಮಾಸ್ತರು ನನ್ನ ಮುಖ ನೋಡಿದರು. “ಅದು ಹವ್ಯಾಸ ಆಗತೈತ್ರಿ ಅಮ್ಮಾರ. ಇಲ್ಲಿ ಉದ್ಯೋಗ ಕೇಳ್ಯಾರ.”

ಚಾಚಿ ಎರಡೂ ಕೈ ಮೇಜಿನ ಮೇಲೆ ಊರಿದರು. ಹೊಸ್ತಿಲ ಮೇಲಿನ ಅದೇ ದನಿ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

“ಹದಿನಾಕು ವರ್ಷ ಆ ಹೊಗಿ ಕುಡದೇನಿ ನಾನು. ಹವ್ಯಾಸ ಅಂತ ಹೇಳಾಕ ಬಂದಿಯೇನು ನನಗ? ಅದು ಕೆಲಸ! ನಮ್ಮವ್ರ ಕೆಲಸ! ಬರಿ!”

ಗುಮಾಸ್ತರು ಖಾರದ ಅಂಗಡಿ ಎಂದಿದ್ದನ್ನು ಹೊಡೆದುಹಾಕಿ ಬರೆದರು. ಚಾಚಿಗೆ ಓದು ಬಾರದು. ಕಾಗದವನ್ನು ನನ್ನ ಕಡೆ ತಿರುಗಿಸಿ, “ಓದು,” ಎಂದರು. ಓದಿದೆ: ಉದ್ಯೋಗ, ಮೀನುಗಾಳದ ಕಪ್ಪೆ ಮತ್ತು ಗಿಳಿ ತಯಾರಿಕೆ.

“ಇನ್ನೊಮ್ಮೆ.”

ಹಿಂದೆ ನಿಂತವರು ಗೊಣಗತೊಡಗಿದ್ದರು. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ಇನ್ನೊಮ್ಮೆ ಓದಿದೆ.